ಕ್ಯಾರಿಯರ್ ಮೇಲೆ ಬಂದ ಮದುವೆ

ಸೊರಾಯ್ದಾ ಪೂಪೊ ಬಗ್ಗೆ ಯಾರಾದರೂ "ಪಾಪ" ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಪಾಪ ಅನ್ನಿಸಿಕೊಳ್ಳುವ ಹೆಂಗಸಲ್ಲ ಅವಳು. ನಮ್ಮ ಪೊರಕೆ ಕಾರ್ಖಾನೆಯಲ್ಲಿ ಅವಳ ಬಾಯಿಂದ ಬೈಸಿಕೊಳ್ಳದವರು ಒಬ್ಬರೂ ಇರಲಿಲ್ಲ, ಮ್ಯಾನೇಜರನ್ನೂ ಸೇರಿಸಿ. ಅವಳಿಗೆ ಆದದ್ದು ಮೋಸ. ಮೋಸವನ್ನು ಮೋಸ ಅಂತಲೇ ಕರೆಯಬೇಕು, ಅದರ ಮೇಲೆ ಕರುಣೆಯ ಸಕ್ಕರೆ ಉದುರಿಸಬಾರದು. ಆ ಮೋಸದ ಕಾಗದದ ಮೇಲೆ ನನ್ನ ಸಹಿಯೂ ಇದೆ. ಅದಕ್ಕೇ ಇಷ್ಟು ಸಿಟ್ಟು.

ತೊಂಬತ್ತಮೂರನೇ ಇಸವಿ. ನಮ್ಮ ದ್ವೀಪಕ್ಕೆ ಹೊರಗಿನಿಂದ ಪೆಟ್ರೋಲು, ಡೀಸೆಲ್ಲು ಯಾವುದೂ ಬರದೆ ಬಸ್ಸುಗಳು ನಿಂತುಹೋಗಿದ್ದವು. ಕಾರ್ಖಾನೆಯವರು ನಮಗೆಲ್ಲ ಒಂದೊಂದು ಚೀನೀ ಸೈಕಲ್ಲು ಕೊಟ್ಟು ಕೈ ತೊಳೆದುಕೊಂಡಿದ್ದರು. ಓಲ್ಗೀನ್ ಊರಿನ ಆ ತುದಿಯಿಂದ ಈ ತುದಿಗೆ, ಖಾಲಿ ಹೊಟ್ಟೆಗೆ ಸಕ್ಕರೆ ನೀರು ಕುಡಿದು, ದಿನಾ ಹತ್ತು ಹನ್ನೆರಡು ಕಿಲೋಮೀಟರು ತುಳಿಯಬೇಕು. ಹೋಗುವಾಗ ಬರುವಾಗ ದಾರಿಯಲ್ಲಿ ಏನು ಸಿಕ್ಕಿತೋ ಅದನ್ನು ಕ್ಯಾರಿಯರ್ ಮೇಲೆ ಹೇರಬೇಕು. ಗೆಣಸಿನ ಚೀಲ, ಬಾಳೆಗೊನೆ, ಸೀಮೆಎಣ್ಣೆ ಡಬ್ಬ, ಸೌದೆ, ಹೆಂಡತಿ, ಒಮ್ಮೊಮ್ಮೆ ಕಾಲು ಕಟ್ಟಿದ ಜೀವಂತ ಹಂದಿ. ಕಾರ್ಖಾನೆಯ ಸೈಕಲ್ ಶೆಡ್ಡಿನಲ್ಲಿ ನಾವಿಬ್ಬರು ಕೆಲಸಕ್ಕಿದ್ದೆವು. ನಾನು ತಗಡಿನ ಬಿಲ್ಲೆ ಕೊಡುವವಳು, ಸೊರಾಯ್ದಾ ಕಾವಲಿನವಳು. ಕಾವಲು ಅನ್ನುವುದು ಹೆಸರಿಗೆ. ನಿಜವಾಗಿ ಅವಳು ಮಾಡುತ್ತಿದ್ದದ್ದು ಕಟ್ಟುವ ಕೆಲಸ.

ಹರಿದುಹೋದ ಟ್ಯೂಬುಗಳನ್ನು ಉದ್ದುದ್ದಕ್ಕೆ ಎರಡು ಬೆರಳಗಲ ಕತ್ತರಿಸಿ, ತೊಳೆದು, ಶೆಡ್ಡಿನ ತಂತಿಯ ಮೇಲೆ ಒಣಹಾಕಿರುತ್ತಿದ್ದಳು. ಹಗ್ಗ ಮುಟ್ಟುತ್ತಿರಲಿಲ್ಲ. ಹಗ್ಗ ಮೊದಲನೇ ಗುಂಡಿಗೇ ಸಡಿಲವಾಗುತ್ತದೆ, ರಬ್ಬರು ಗುಂಡಿಯ ಜೊತೆ ಹಿಗ್ಗಿ ಮತ್ತೆ ಹಿಡಿದುಕೊಳ್ಳುತ್ತದೆ ಅನ್ನುವಳು. ಭಾರ ಕೆಳಗಿರಬೇಕು, ಸೀಟಿನ ಬೆನ್ನಿಗೆ ಒತ್ತಿಕೊಂಡಿರಬೇಕು. ಹಿಂದಕ್ಕೆ ಜರುಗಿದರೆ ಮುಂದಿನ ಚಕ್ರ ನೆಲ ಬಿಟ್ಟು ಕುಣಿಯುತ್ತದೆ. ಪಟ್ಟಿಗಳು ಅಡ್ಡಡ್ಡವಾಗಿ ಒಂದನ್ನೊಂದು ದಾಟಬೇಕು. ತುದಿ ನೇತಾಡಬಾರದು, ನೇತಾಡಿದ್ದು ಸ್ಪೋಕಿಗೆ ಸುತ್ತಿಕೊಂಡು ಆಳನ್ನೇ ಎತ್ತಿ ಬಿಸಾಡುತ್ತದೆ. ಕಟ್ಟಿದ ಮೇಲೆ ಸೀಟು ಹಿಡಿದು ಸೈಕಲ್ಲನ್ನು ಒಂದು ಸಲ ಜಾಡಿಸುವಳು. ಹೊರೆ ಬೇರೆ ಸೈಕಲ್ಲು ಬೇರೆ ಅಲುಗಿದರೆ ಎಲ್ಲ ಬಿಚ್ಚಿ ಮತ್ತೆ ಮೊದಲಿನಿಂದ ಶುರು.

ತಾವೇ ಕಟ್ಟಿಕೊಂಡು ಜಾರಿಕೊಳ್ಳಲು ನೋಡುವವರನ್ನು ಗೇಟಿನಲ್ಲೇ ಹಿಡಿಯುವಳು.

"ಏನೋ ಇದು? ಕಟ್ಟಿದ್ದೀಯೋ, ಇಲ್ಲಾ ಹಾರ ಹಾಕಿದ್ದೀಯೋ?"

"ಮನೆ ತಂಕ ಹೋದ್ರೆ ಸಾಕು ಬಿಡು ಸೊರಾಯ್ದಾ."

"ನಿನ್ ಗೆಣಸು ಮನೆ ತಂಕ ಹೋಗಲ್ಲ, ನೀನು ಆಸ್ಪತ್ರೆ ತಂಕ ಹೋಗ್ತೀಯ. ಇಳೀ ಕೆಳಗೆ."

ಅವನು ಇಳಿಯುತ್ತಿದ್ದ. ಎಲ್ಲರೂ ಇಳಿಯುತ್ತಿದ್ದರು.

ಅವಳ ಗಂಡ ಓಸ್ಮೆಲ್. ಗಂಡ ಅಂತ ನಾವು ಕರೆಯುತ್ತಿದ್ದೆವು, ಕಾಗದದ ಮೇಲೆ ಮದುವೆಯಾಗಿರಲಿಲ್ಲ. ಸೊರಾಯ್ದಾಳ ಅಜ್ಜಿ ಬಿಟ್ಟುಹೋದ ಮನೆಯಲ್ಲಿ ಹನ್ನೊಂದು ವರ್ಷ ಒಟ್ಟಿಗಿದ್ದರು. ಅವನು ಕಾರ್ಖಾನೆಯ ರಿಪೇರಿ ಕೋಣೆಯಲ್ಲಿ ವೆಲ್ಡರ್. ಸೈಕಲ್ಲಿನ ಜೊತೆ ಬಂದ ಕ್ಯಾರಿಯರ್ ತೆಳ್ಳಗೆ, ಒಂದು ಬಾಳೆಗೊನೆಗೇ ಬಗ್ಗುತ್ತಿತ್ತು. ಓಸ್ಮೆಲ್ ಮನೆ ಕಟ್ಟುವ ಕಬ್ಬಿಣದ ಸರಳಿನಿಂದ ಗಟ್ಟಿ ಕ್ಯಾರಿಯರ್ ಮಾಡಿಕೊಡುತ್ತಿದ್ದ. ಅರ್ಧ ಊರಿಗೆ ಅವನು ಮಾಡಿದ ಕ್ಯಾರಿಯರ್, ಅದರ ಮೇಲೆ ಅವಳು ಕಟ್ಟಿದ ಹೊರೆ. ಅವಳ ಸೈಕಲ್ಲಿಗೆ ಮಾತ್ರ ಅವಳೇ ಹೇಳಿ ನಾಲ್ಕು ಮೂಲೆಗೆ ನಾಲ್ಕು ಕೊಕ್ಕೆ ಹಾಕಿಸಿಕೊಂಡಿದ್ದಳು, ಒಳಮುಖವಾಗಿ ಬಾಗಿದವು, ಪಟ್ಟಿ ಸಿಕ್ಕಿಸಿದರೆ ತಾನಾಗಿ ಜಾರಲಾರದಂಥವು. ನನಗೂ ಹಾಕಿಕೊಡೋ ಅಂತ ನಾನು ಎಷ್ಟು ಗೋಗರೆದರೂ ಓಸ್ಮೆಲ್ ಒಪ್ಪಲಿಲ್ಲ.

"ಅದು ನನ್ನವಳ ಡಿಸೈನು ಕಣೇ ಮಿಗ್ದಾಲಿಯಾ. ಇನ್ನೊಬ್ಬರಿಗೆ ಹಾಕಲ್ಲ," ಅನ್ನುತ್ತಿದ್ದ. ಅವನು ಹಾಗಂದಾಗ ಸೊರಾಯ್ದಾ ಬೇರೆ ಕಡೆ ಮುಖ ತಿರುಗಿಸಿ ಪಟ್ಟಿ ಎಣಿಸುತ್ತಿದ್ದಳು. ಖುಷಿಯಾದಾಗ ಅವಳು ಮಾಡುತ್ತಿದ್ದದ್ದೇ ಅಷ್ಟು.

ಕಾಗದದ ಮದುವೆ ಯಾಕಿಲ್ಲ ಅಂತ ನಾನೊಮ್ಮೆ ಕೇಳಿದ್ದೆ. "ನಂಬಿಕೆ ಇಲ್ದೋರಿಗೆ ಕಾಗದ ಬೇಕು ಅಂತಾನೆ," ಅಂದಿದ್ದಳು, ಆ ಮಾತೇ ಒಂದು ಒಡವೆ ಅನ್ನುವ ಹಾಗೆ.

ಅವರ ಮನೆಯಲ್ಲಿ ಮಲಗಲು ಇದ್ದದ್ದು ಅಜ್ಜಿಯ ಕಾಲದ ಹತ್ತಿ ಹಾಸಿಗೆ, ಗಂಟುಗಂಟಾಗಿ ಕಲ್ಲಿನ ಮೂಟೆಯಾಗಿತ್ತು. ದಿನವಿಡೀ ಬಗ್ಗಿ ಹೊರೆ ಕಟ್ಟುವವಳ ಸೊಂಟ ರಾತ್ರಿ ಅದರ ಮೇಲೆ ಇನ್ನಷ್ಟು ಕೆಡುತ್ತಿತ್ತು. ಊರಾಚೆ ನಿಕಾನೋರ್ ಅಂತ ಒಬ್ಬ ತಾತ, ಕೈಯಲ್ಲೇ ಹಾಸಿಗೆ ಹೊಲಿಯುವವನು. ಅವನ ಮೊಮ್ಮಗಳಿಗೆ ಹದಿನೈದು ತುಂಬುವುದಿತ್ತು. ಹೆಣ್ಣುಮಕ್ಕಳ ಹದಿನೈದನೇ ಹುಟ್ಟುಹಬ್ಬಕ್ಕೆ ಬಿಯರಿಲ್ಲದಿದ್ದರೆ ನಮ್ಮಲ್ಲಿ ಮರ್ಯಾದೆ ಹೋಯಿತು ಅಂತಲೇ ಲೆಕ್ಕ. ಎರಡು ಪೆಟ್ಟಿಗೆ ಬಿಯರು ತಂದುಕೊಡಿ, ಹೊಸ ಹಾಸಿಗೆ ಒಯ್ಯಿರಿ ಅಂದ ತಾತ.

ಬಿಯರು ಎಲ್ಲಿಂದ ತರುವುದು? ಆಗ ಅಷ್ಟು ಬಿಯರು ಸಿಗುತ್ತಿದ್ದದ್ದು ಮದುವೆಯಾಗುವವರಿಗೆ ಮಾತ್ರ. ಮೊದಲನೇ ಮದುವೆಗೆ ಸರ್ಕಾರದಿಂದ ಮೂರು ಪೆಟ್ಟಿಗೆ ಬಿಯರು, ಒಂದು ಕೇಕು, ಹೋಟೆಲಿನಲ್ಲಿ ಮೂರು ರಾತ್ರಿ. ಹಾಗಾಗಿ ಬಿಯರಿಗೋಸ್ಕರ ಮದುವೆಯಾಗಿ ತಿಂಗಳಲ್ಲಿ ಬಿಡುಗಡೆ ಪಡೆಯುವುದು ಮಾಮೂಲಾಗಿಬಿಟ್ಟಿತ್ತು. ನಮ್ಮ ಓಣಿಯೊಂದರಲ್ಲೇ ಆ ವರ್ಷ ಅಂಥವು ಏಳು. ಯಾರೂ ಯಾರನ್ನೂ ಆಡಿಕೊಳ್ಳುತ್ತಿರಲಿಲ್ಲ.

ಸೊರಾಯ್ದಾ ಹದಿನೆಂಟಕ್ಕೇ ಒಬ್ಬ ಸೈನಿಕನನ್ನು ಮದುವೆಯಾಗಿ, ವರ್ಷದೊಳಗೆ ಬಿಟ್ಟಿದ್ದಳು. ಅವಳ ಪಾಲು ಮುಗಿದಿತ್ತು. ಓಸ್ಮೆಲ್‌ನದು ಹಾಗೇ ಉಳಿದಿತ್ತು.

"ನಿನ್ ಪಾಲು ನೀನು ಯಾವತ್ತೋ ಕುಡ್ದು ಮುಗ್ಸಿದ್ದೀಯ," ಅಂತ ಅವನು ಶೆಡ್ಡಿಗೆ ಬಂದು ನನ್ನೆದುರೇ ನಗಾಡಿದ. "ನಂದು ಕೊಳೀತಾ ಬಿದ್ದಿದೆ. ಇದಾಲ್ಮಿಸ್ ಅಂತ ಒಬ್ಳಿದ್ದಾಳೆ, ಔಷಧಿ ಅಂಗಡೀಲಿ. ಅವಳಿಗೆ ಕೇಕೂ ಒಂದು ಪೆಟ್ಟಿಗೇನೂ ಸಾಕಂತೆ. ಎರಡು ಪೆಟ್ಟಿಗೆ ನಮ್ದು. ಏನಂತೀಯ?"

"ನೋಡಕ್ಕೆ ಹೆಂಗಿದ್ದಾಳೆ?" ಅಂದಳು ಸೊರಾಯ್ದಾ.

"ಕಡ್ಡಿ ಹಂಗಿದ್ದಾಳೆ. ಕ್ಯಾರಿಯರ್ ಮೇಲೆ ಕೂರ್ಸಿದ್ರೆ ಗಾಳಿಗೆ ಹಾರೋಗ್ತಾಳೆ."

"ಹಾರಿಹೋಗ್ದಂಗೆ ನಾನು ಕಟ್ಕೊಡ್ತೀನಿ, ಹೋಗು ಮದ್ವೆ ಆಗು," ಅಂದಳು ಇವಳು. ಮೂವರೂ ನಕ್ಕೆವು. ಹೌದು, ನಾನೂ ನಕ್ಕೆ.

ಸಾಕ್ಷಿಗೆ ಇಬ್ಬರು ಬೇಕಿತ್ತು. ನಾವೇ ಹೋದೆವು. ಬೆಳಿಗ್ಗೆ ಎದ್ದು ಅವನ ಅಂಗಿಗೆ ಇಸ್ತ್ರಿ ಹಾಕಿಕೊಟ್ಟವಳೂ ಇವಳೇ. ಮದುವೆ ಅರಮನೆ ಅಂತ ಕರೆಯುವ ಸರ್ಕಾರಿ ಕಚೇರಿಯಲ್ಲಿ ನೋಂದಣಿ ಮಾಡುವ ಹೆಂಗಸು ಕಾನೂನಿನ ಸಾಲುಗಳನ್ನು ಓದಿದಳು. ಗಂಡಹೆಂಡತಿ ಒಟ್ಟಿಗೆ ಬಾಳಬೇಕು, ಒಬ್ಬರಿಗೊಬ್ಬರು ನಿಷ್ಠೆಯಿಂದಿರಬೇಕು, ಕಷ್ಟಕ್ಕೆ ಆಗಬೇಕು. ಸೊರಾಯ್ದಾ ನಗು ತಡೆಯಲಾರದೆ ನನ್ನ ತೊಡೆ ಚಿವುಟಿದಳು, ಎರಡು ದಿನ ಕಪ್ಪಗಿತ್ತು. ಓಸ್ಮೆಲ್ ಹೆಣ್ಣಿನ ಕೆನ್ನೆಗೆ ಮುತ್ತು ಕೊಟ್ಟೂ ಕೊಡದ ಹಾಗೆ ಬಗ್ಗಿದಾಗ ಇವಳು ಹಿಂದಿನಿಂದ ಕೂಗಿದಳು: "ಸರ್ಯಾಗಿ ಕೊಡೋ! ಆಮೇಲೆ ಬಿಯರ್ ಕೊಡಲ್ಲ ಅಂದಾರು!"

ಅವನು ಸರಿಯಾಗಿ ಕೊಟ್ಟ. ಆಮೇಲೆ ನಾವಿಬ್ಬರೂ ಸಹಿ ಹಾಕಿದೆವು. ಸೊರಾಯ್ದಾಳ ಸಹಿ ದೊಡ್ಡದು, ಸ್ಪಷ್ಟ.

ಅರಮನೆಯ ಹಿತ್ತಲಲ್ಲಿ ಬಿಯರು, ಕೇಕು ಕೊಟ್ಟರು. ಅವತ್ತು ಅವಳು ಹೊರೆ ಕಟ್ಟಿದ್ದನ್ನು ನೋಡಲು ನಾಲ್ಕು ಜನ ಸೇರಿದ್ದರು. ಎರಡು ಪೆಟ್ಟಿಗೆ ಓಸ್ಮೆಲ್‌ನ ಕ್ಯಾರಿಯರಿಗೆ, ಅಡ್ಡಕ್ಕಲ್ಲ, ಉದ್ದಕ್ಕೆ ಒಂದರ ಮೇಲೊಂದು, ಬಾಟಲಿಗಳ ನಡುವೆ ಹಳೇ ಪತ್ರಿಕೆ ತುರುಕಿ, ಒಂದು ಸದ್ದೂ ಬರದ ಹಾಗೆ. ಇನ್ನೊಂದು ನನ್ನದಕ್ಕೆ. ಕೇಕು ಅವಳ ಸೈಕಲ್ಲಿಗೆ. ಕೇಕಿನ ಮೇಲೆ ಪಟ್ಟಿ ಹಾಯಿಸುವ ಹಾಗಿಲ್ಲ, ನಮ್ಮೂರಿನಲ್ಲಿ ಅದನ್ನು ಮುಚ್ಚುವುದೂ ಇಲ್ಲ, ನೀಲಿ ಕೆನೆಯೆಲ್ಲ ಬೀದಿಗೆ ಕಾಣಬೇಕು. ಅರ್ಧ ಗಾಳಿ ತುಂಬಿದ ಒಂದು ಟ್ಯೂಬನ್ನು ಸಿಂಬಿ ಸುತ್ತಿ ಕ್ಯಾರಿಯರ್ ಮೇಲಿಟ್ಟಳು. ಅದರ ಮೇಲೆ ಹಲಗೆ, ಹಲಗೆಯ ಮೇಲೆ ಕೇಕು. ಹಲಗೆಯ ನಾಲ್ಕು ಮೂಲೆಯಿಂದ ನಾಲ್ಕು ಕೊಕ್ಕೆಗೆ ನಾಲ್ಕು ಪಟ್ಟಿ. ಸೈಕಲ್ಲು ಹಾರಿದರೆ ಹಲಗೆ ತೇಲಿ ಮತ್ತೆ ಕೂರುತ್ತಿತ್ತು.

ಹೆಣ್ಣನ್ನು ಎಲ್ಲಿ ಕೂರಿಸುವುದು ಅನ್ನುವ ಪ್ರಶ್ನೆ ಬಂತು. ಕ್ಯಾರಿಯರ್ ತುಂಬಿತ್ತು.

"ಮುಂದೆ ಬಾರ್ ಮೇಲೆ ಕೂರ್ಸ್ಕೋ, ಇನ್ನೇನ್ ತಲೆ ಮೇಲಾ?" ಅಂದಳು ಸೊರಾಯ್ದಾ.

ಹಾಗೆ ಬಾಡಿಗೆಯ ಬಿಳಿ ಗೌನು ಎತ್ತಿ ಹಿಡಿದು ಇದಾಲ್ಮಿಸ್ ಅವನ ಎರಡು ತೋಳುಗಳ ನಡುವೆ ಕೂತಳು. ಹಿಂದೆ ಕೇಕು ಹೊತ್ತು ಸೊರಾಯ್ದಾ, ಅವಳ ಹಿಂದೆ ನಾನು. ಬೀದಿಯವರೆಲ್ಲ ಶುಭ ಕೋರಿ ಕೂಗಿದರು. ಇವಳು ಒಂದು ಕೈ ಬಿಟ್ಟು ಎಲ್ಲರಿಗೂ ಬೀಸಿದಳು. ಕೇಕಿನ ಮೇಲೆ ಒಂದು ಬೆರಳಿನಷ್ಟೂ ಕಲೆಯಾಗದ ಹಾಗೆ ಇದಾಲ್ಮಿಸ್‌ಳ ಮನೆ ಮುಟ್ಟಿಸಿದಳು.

ಊರಾಚೆ ಗುಡ್ಡದ ಮೇಲಿನ ಹೋಟೆಲಿನ ಮೂರು ರಾತ್ರಿ ಯಾರಿಗೂ ಬೇಕಾಗಿರಲಿಲ್ಲ. ಆದರೆ ಅಲ್ಲಿ ಊಟವಿತ್ತು. ಹುರಿದ ಕೋಳಿ, ಅನ್ನ, ಬಟಾಣಿ ಬೆರೆಸದ ನಿಜವಾದ ಕಾಫಿ. ಬೇರೆಯವರಿಗೆ ಕೊಡುವ ಹಾಗಿಲ್ಲ, ಹೆಸರು ಬರೆದಿರುತ್ತದೆ. ಆ ವರ್ಷ ಕೋಳಿಯನ್ನು ಬಿಟ್ಟುಕೊಡುವ ಪಾಪ ಯಾರು ಕಟ್ಟಿಕೊಳ್ಳುತ್ತಾರೆ? ಹೋಗು ಅಂದವಳು ಸೊರಾಯ್ದಾ. ಒಂದು ಅಲ್ಯೂಮಿನಿಯಂ ಡಬ್ಬಿ ತೊಳೆದು ಅವನ ಕ್ಯಾರಿಯರಿಗೆ ತಾನೇ ಕಟ್ಟಿ ಕಳಿಸಿದಳು, ದಿನಾ ಸಂಜೆ ತುಂಬಿಕೊಂಡು ಬಾ ಅಂತ. ಅವಳು ಮಾಡಿದ ತಪ್ಪು ಅದೊಂದೇ. ನಮ್ಮ ಹಸಿವಿನಲ್ಲಿ ನಾನೂ ಅದನ್ನೇ ಮಾಡುತ್ತಿದ್ದೆ.

ಮೊದಲನೇ ಸಂಜೆ ಕೋಳಿ ಬಂತು. ನನ್ನನ್ನೂ ಕರೆದಳು, ಮೂಳೆ ಚೀಪಿ ಚೀಪಿ ತಿಂದೆವು. ಎರಡನೇ ಸಂಜೆ ಅವನು ಬರಲಿಲ್ಲ. ಮೂರನೇ ಸಂಜೆಯೂ ಇಲ್ಲ. ನಾಲ್ಕನೇ ದಿನ ಖಾಲಿ ಡಬ್ಬಿಯ ಜೊತೆ ಬಂದು, ಗುಡ್ಡದ ಮೇಲೆ ಭಾರೀ ಮಳೆ, ಇಳಿಯಕ್ಕಾಗಲಿಲ್ಲ ಅಂದ. ಊರಿಗೂ ಆ ಗುಡ್ಡಕ್ಕೂ ಏಳು ಕಿಲೋಮೀಟರು. ನಮ್ಮಲ್ಲಿ ಒಂದು ಹನಿ ಬಿದ್ದಿರಲಿಲ್ಲ.

"ಗುಡ್ಡದ ಕಡೆ ಬೇರೆ ಥರ ಕಣೇ," ಅಂತ ಸೊರಾಯ್ದಾ ನನಗೇ ಸಮಾಧಾನ ಹೇಳಿದಳು.

ಆಮೇಲೆ ಬಿಡುಗಡೆ ಯಾವಾಗ ಅಂದರೆ, ಕಚೇರಿಗೆ ಕಾಗದ ಬಂದಿಲ್ಲ ಅಂದ. ನಿಜವಿರಬಹುದು, ಮಕ್ಕಳ ಶಾಲೆಗೇ ಕಾಗದ ಇರಲಿಲ್ಲ. ಬಿಯರು ಕೊಟ್ಟಾಯಿತಲ್ಲ, ಹಾಸಿಗೆ ಎಲ್ಲಿ ಅಂದರೆ, ತಾತನಿಗೆ ಹತ್ತಿ ಬಂದಿಲ್ಲ ಅಂದ. ಸಂಜೆ ತಡ ಯಾಕೆ ಅಂದರೆ ವೆಲ್ಡಿಂಗ್ ಕಡ್ಡಿ ಹುಡುಕಲು ಹೋಗಿದ್ದೆ ಅಂದ. ಆ ಕಾಲದಲ್ಲಿ ಸುಳ್ಳು ಹೇಳುವವನಿಗೆ ಕಷ್ಟವೇ ಇರಲಿಲ್ಲ. ಏನು ಇಲ್ಲ ಅಂದರೂ ಜನ ನಂಬುತ್ತಿದ್ದರು. ಹೀಗೆ ಐದು ತಿಂಗಳು ಕಳೆದವು. ಸೊರಾಯ್ದಾ ಆ ಕಲ್ಲಿನ ಮೂಟೆಯ ಮೇಲೆ ಒಂದು ಮಗ್ಗುಲಿಗೆ ಮಲಗಿ, ಬೆಳಿಗ್ಗೆ ಸೊಂಟ ಹಿಡಿದುಕೊಂಡು ಬರುವಳು.

"ಹಾಸಿಗೆ ಬರ್ಲಿ, ಎಲ್ಲಾ ಸರಿ ಹೋಗುತ್ತೆ," ಅನ್ನುವಳು.

ಒಂದು ದಿನ ಮಧ್ಯಾಹ್ನ ನಿಕಾನೋರ್ ತಾತನೇ ಕಾರ್ಖಾನೆಗೆ ಬಂದ. ಹಾಸಿಗೆಗೆ ತುಂಬಲು ಪೊರಕೆ ನಾರಿನ ಚೂರು ಸಿಗುತ್ತದೋ ಅಂತ ಕೇಳಲು ಬಂದವನು. ಸೊರಾಯ್ದಾ ಯಾರದೋ ಸೀಮೆಎಣ್ಣೆ ಡಬ್ಬ ಕಟ್ಟುತ್ತಿದ್ದಳು. ತಾತ ನಿಂತು ನೋಡಿದ.

"ನಿಮ್ಮನೇಲಿ ಎಲ್ಲಾರ್ಗೂ ಈ ವಿದ್ಯೆ ಇದೆ ಅಂತ ಕಾಣುತ್ತೆ ಮಗಳೇ. ಹಾಸಿಗೆ ಹೆಂಗಿದೆ? ಬೆನ್ನಿಗೆ ಹಿತವಾಗಿದ್ಯಾ?"

"ಯಾವ ಹಾಸಿಗೆ ತಾತ? ನಿಮಗೆ ಹತ್ತಿ ಬಂದಿಲ್ವಂತಲ್ಲ."

"ಹತ್ತಿ ಬರ್ದೇ ಏನು? ಕೊಟ್ಟು ನಾಲ್ಕು ತಿಂಗಳಾಯ್ತು! ಓಸ್ಮೆಲ್ ಕಳ್ಸಿದ್ದು ಅಂತ ಒಬ್ಳು ಬಂದು ಒಯ್ದಳಲ್ಲ, ತೆಳ್ಳಗಿರೋಳು. ನಿನ್ ನಾದ್ನಿನೋ ಯಾರೋ ಅಂದ್ಕೊಂಡೆ. ಅಷ್ಟು ದೊಡ್ಡ ಹಾಸಿಗೆ ಸುರುಳಿ ಸುತ್ತಿ ಎಷ್ಟು ಚೆಂದ ಕಟ್ಟಿದ್ಲು ಅಂತೀಯ, ಥೇಟ್ ನಿನ್ ಥರ. ರಬ್ಬರ್ ಪಟ್ಟಿ, ಕ್ಯಾರಿಯರ್‌ಗೆ ಕೊಕ್ಕೆ. ಯಾರಮ್ಮ ಕಲ್ಸಿದ್ದು ಅಂದ್ರೆ, ನನ್ ಗಂಡ ಕಲ್ಸಿದ್ದು ಅಂದ್ಲು."

ಸೊರಾಯ್ದಾಳ ಕೈ ನಿಂತಿತು. ಅವಳು ಹಾಸಿಗೆಯ ಮಾತೇ ಎತ್ತಲಿಲ್ಲ.

"ಎಷ್ಟು ಕೊಕ್ಕೆ ತಾತ?"

"ನಾಲ್ಕು ಮೂಲೆಗೆ ನಾಲ್ಕು."

"ಒಳಗಡೆ ಬಾಗಿದ್ವಾ?"

"ಹೂಂ ಮಗಳೇ, ಒಳಗಡೆ." ತಾತನಿಗೆ ಅಷ್ಟರಲ್ಲಿ ಏನೋ ಅಂದಾಜಾಗಿರಬೇಕು, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಅವಳು ಆ ಡಬ್ಬ ಕಟ್ಟಿ ಮುಗಿಸಿದಳು. ಅದರ ಯಜಮಾನನಿಗೆ ಇಳಿಜಾರಿನಲ್ಲಿ ನಿಧಾನ ಅಂತ ಹೇಳಿದಳು. ಆಮೇಲೆ ರಿಪೇರಿ ಕೋಣೆಗೆ ಹೋದಳು, ನಾನು ಹಿಂದೆಯೇ ಓಡಿದೆ. ಓಸ್ಮೆಲ್ ಕಣ್ಣಿಗೆ ಕಪ್ಪು ಗಾಜು ಹಾಕಿಕೊಂಡು ಏನೋ ಬೆಸೆಯುತ್ತಿದ್ದ. ಅವಳನ್ನು ನೋಡಿ ಗಾಜು ಮೇಲೆತ್ತಿದ, ಮುಖ ನೋಡಿದವನೇ ಅರ್ಥಮಾಡಿಕೊಂಡ.

"ಹಾಸಿಗೆ ಅವಳಿಗೆ ಕೊಟ್ಟೆ, ಹೋಗ್ಲಿ," ಅಂದಳು. "ಕೊಕ್ಕೆ ಯಾಕ್ ಕೊಟ್ಟೆ?"

"ಸೊರಾ, ನಾನೇ ಹೇಳ್ಬೇಕು ಅಂತಿದ್ದೆ..."

"ಯಾವಾಗ? ಕಾಗದ ಬಂದ್ಮೇಲಾ?"

ಅವನು ಕೈಗವಸು ಕಳಚಿದ. ನಾಚಿಕೆಯಾಗಿತ್ತೇನೋ, ನಾನು ಇಲ್ಲ ಅನ್ನಲಾರೆ. ಆದರೆ ಅವನ ಬಾಯಿಂದ ಬಂದ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

"ಕಾನೂನು ಪ್ರಕಾರ ಅವಳೇ ನನ್ ಹೆಂಡ್ತಿ ಅಲ್ವಾ ಸೊರಾ. ನೀನೇ ಅಲ್ವಾ ಸಹಿ ಹಾಕಿದ್ದು?"

ನಾನು ಅಲ್ಲಿದ್ದ ಸುತ್ತಿಗೆ ಎತ್ತಿಕೊಂಡಿದ್ದೆ. ಸೊರಾಯ್ದಾ ನನ್ನ ಕೈಯಿಂದ ಅದನ್ನು ತೆಗೆದು ಮೇಜಿನ ಮೇಲಿಟ್ಟು, ನನ್ನನ್ನು ಎಳೆದುಕೊಂಡು ಹೊರಗೆ ಬಂದಳು. ಶೆಡ್ಡಿನಲ್ಲಿ ಸಂಜೆಯ ಸಾಲು ಕಾಯುತ್ತಿತ್ತು. ಅವತ್ತು ಇಪ್ಪತ್ತೆಂಟು ಹೊರೆ ಕಟ್ಟಿದಳು, ಯಾರನ್ನೂ ಬೈಯಲಿಲ್ಲ. ಬೈಸಿಕೊಳ್ಳದೆ ಜನಕ್ಕೆ ಹೆದರಿಕೆಯಾಯಿತು.

ಭಾನುವಾರ ಬೆಳಿಗ್ಗೆ ಅವನು ತನ್ನ ಸಾಮಾನು ಒಯ್ಯಲು ಬಂದ. ನಾನು ಮೊದಲೇ ಹೋಗಿ ಅವಳ ಅಡುಗೆಮನೆಯಲ್ಲಿ ಕೂತಿದ್ದೆ. ಬಟ್ಟೆಯ ಗಂಟು, ಟೇಬಲ್ ಫ್ಯಾನು, ಅವನೇ ಕೈಯಾರೆ ತಂತಿ ಸುತ್ತಿ ಮಾಡಿದ ವೆಲ್ಡಿಂಗ್ ಯಂತ್ರ. ಆ ಯಂತ್ರ ಒಂದೇ ನಲವತ್ತು ಕಿಲೋ ಇತ್ತು. ಹೊರಗೆ ಕಟ್ಟತೊಡಗಿದ. ಹಾಸಿಗೆ ಕಟ್ಟಲು ಹೇಳಿಕೊಡುವಷ್ಟು ಕಲಿತಿದ್ದ, ಇಂಥ ಭಾರ ಕಟ್ಟುವಷ್ಟಲ್ಲ. ಓಣಿಯವರೆಲ್ಲ ತಮ್ಮ ತಮ್ಮ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂತರು. ಸೈಕಲ್ಲು ಸ್ಟ್ಯಾಂಡಿನಿಂದ ಇಳಿದ ಕೂಡಲೇ ಯಂತ್ರ ಒಂದು ಕಡೆ ವಾಲಿ ಧೊಪ್ಪೆಂದು ಬಿತ್ತು. ಮತ್ತೆ ಕಟ್ಟಿದ, ಮತ್ತೆ ಬಿತ್ತು. ಎದುರು ಮನೆಯವಳು ಚಪ್ಪಾಳೆ ತಟ್ಟಿದಳು. ನನ್ನ ಹೊಟ್ಟೆ ತಣ್ಣಗಾಯಿತು.

ಅವನು ಬೆವರು ಒರೆಸಿಕೊಂಡು ಬಾಗಿಲಿಗೆ ಬಂದ. ಒಳಗೆ ಕಾಲಿಡಲಿಲ್ಲ.

"ಸೊರಾ. ಇದೊಂದ್ ಸಲ ಕಟ್ಕೊಡ್ತೀಯಾ?"

"ನಾಚ್ಕೆ ಅನ್ನೋದು ಇದ್ಯೇನೋ ನಿಂಗೆ?" ಅಂತ ನಾನು ಎದ್ದೆ. "ಅವಳಿಗೂ ಕಲ್ಸಿದ್ದೀಯಲ್ಲ, ಅವಳನ್ನೇ ಕರ್ಕೊಂಡ್ ಬಾ, ಹೋಗು!"

"ಸುಮ್ನಿರು ಮಿಗ್ದಾ," ಅಂದಳು ಸೊರಾಯ್ದಾ. ಗೋಡೆಯ ಮೊಳೆಯಿಂದ ಪಟ್ಟಿಗಳನ್ನು ತೆಗೆದುಕೊಂಡಳು, ಹೊಸವು, ಆರೇಳು. ಹೊರಗೆ ಹೋಗಿ ಅವನು ಕಟ್ಟಿದ್ದನ್ನೆಲ್ಲ ಬಿಚ್ಚಿ ಚರಂಡಿಗೆಸೆದಳು. ಬಟ್ಟೆಯ ಗಂಟನ್ನು ಚಪ್ಪಟೆ ಮಾಡಿ ಕೆಳಗೆ ಹಾಕಿ, ಅದರ ಮೇಲೆ ಯಂತ್ರವನ್ನು ಸೀಟಿಗೆ ಒತ್ತಿ ಕೂರಿಸಿದಳು. ಮೇಲೆ ಫ್ಯಾನು. ಮೊಣಕಾಲು ಊರಿ, ಹಲ್ಲು ಕಚ್ಚಿ, ಪ್ರತಿಯೊಂದು ಪಟ್ಟಿಯನ್ನೂ ಹರಿಯುವಷ್ಟು ಎಳೆದು ಬಿಗಿದಳು. ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು.

ಓಸ್ಮೆಲ್ ತಲೆ ತಗ್ಗಿಸಿ ಹ್ಯಾಂಡಲ್ ಹಿಡಿದ.

"ದೊಡ್ಡ ಮನಸ್ಸು ನಿಂದು," ಅಂದ.

"ಮನಸ್ಸಿನ ಮಾತಲ್ಲ," ಅಂದಳು. "ದಾರೀಲಿ ಬಿದ್ರೆ ಮತ್ತೆ ಇದೇ ಬಾಗ್ಲಿಗೆ ಬರ್ತೀಯ. ಬರಬೇಡ."

ಅವನು ಪೆಡಲ್ ತುಳಿದ. ನಮ್ಮ ಓಣಿಯಲ್ಲಿ ಟಾರು ಕಿತ್ತು ವರ್ಷಗಳಾಗಿವೆ, ಮಾರಿಗೊಂದು ಗುಂಡಿ. ಮೊದಲನೇ ಗುಂಡಿಗೆ ಸೈಕಲ್ಲು ಎಗರಿತು. ಎರಡನೆಯದಕ್ಕೂ ಎಗರಿತು. ಚರಂಡಿಯ ಹಲಗೆ ದಾಟುವಾಗ ಹಿಂದಿನ ಚಕ್ರ ಪಕ್ಕಕ್ಕೆ ಜಾರಿ, ಅವನು ಕಾಲು ಕೊಟ್ಟು ನಿಂತು, ಮತ್ತೆ ಹೊರಟ. ಸೊರಾಯ್ದಾ ಬಾಗಿಲ ಚೌಕಟ್ಟು ಹಿಡಿದು, ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅವನು ಹಿಂದಿರುಗಿ ನೋಡದೆ ತಿರುವಿನಲ್ಲಿ ಮರೆಯಾದ.

"ಮುಗೀತು, ಒಳಗೆ ಬಾ," ಅಂತ ನಾನು ಅವಳ ಭುಜ ಹಿಡಿದೆ.

"ಫ್ಯಾನಾದ್ರೂ ಒಂದು ಬೀಳಬಾರ್ದಿತ್ತೇನೇ, ಮಿಗ್ದಾ," ಅಂದಳು.